ಆಗದವರ ಮಾತು

ಆ ಕಾಲೇಜಿನಲ್ಲಿ ಹಾಸ್ಟೆಲ್ ಸೆಕ್ರೆಟರಿ ಆಗುವುದು ಸುಲಭ. ಯಾರಿಗೂ ಬೇಡದ ಕೆಲಸಕ್ಕೆ ಕೈ ಎತ್ತಿದರೆ ಸಾಕು...

ಕಷ್ಟವಿರುವುದು 'ಮುಂದಾಳು ಬಳಗ' ಸೇರುವುದರಲ್ಲಿ.

ಧಾರವಾಡದ ಆ ಕಾಲೇಜಿನ ಹಾಸ್ಟೆಲ್‌ಗಳನ್ನು ನಡೆಸುವ ಹುಡುಗಿಯರಲ್ಲಿ ವರ್ಷಕ್ಕೆ ಒಬ್ಬಳನ್ನು ಮಾತ್ರ ಆರಿಸಿ ಗೌರವಿಸುವ ಹಳೆಯ ಸಂಘ ಅದು. ಸಿಗುವುದು ಒಂದು ನೀಲಿ ಶಾಲು, ಒಂದು ಬ್ಯಾಡ್ಜ್, ಬಯೋಡೇಟಾಕ್ಕೆ ಒಂದು ಸಾಲು.

ಇಷ್ಟಕ್ಕೆ ಯಾರಾದರೂ ನಿದ್ದೆ ಕೆಡಿಸಿಕೊಳ್ಳುತ್ತಾರೆಯೇ ಎಂದರೆ... ದಾಕ್ಷಾಯಣಿ ಕೆಡಿಸಿಕೊಂಡಿದ್ದಳು.

ಆಕೆ ಮಲಪ್ರಭಾ ಹಾಸ್ಟೆಲ್ಲಿನ ಸೆಕ್ರೆಟರಿ. ನಿದ್ದೆ ಕೆಡಿಸಿದವಳು ಎದುರಿನ ಘಟಪ್ರಭಾ ಹಾಸ್ಟೆಲ್ಲಿನ ಸೆಕ್ರೆಟರಿ, ಇಂದುಮತಿ.

ಎರಡೂ ಹಾಸ್ಟೆಲ್ಲಿಗೆ ಸೇರಿದ ಮೆಸ್‌ಗೆ ಇಂದುಮತಿ ಬಂದರೆ ಅವಳ ಹುಡುಗಿಯರು ಎದ್ದು ನಿಲ್ಲುತ್ತಿದ್ದರು. "ಬರ್ರಿ ಮೇಡಂ... ಕುಂದರ್ರಿ ಮೇಡಂ." ಅವಳೂ ಅವರ ಹಾಗೆಯೇ ಬಿ.ಎಸ್ಸಿ. ಓದುವವಳು. ಆದರೂ ಮೇಡಂ.

ದಾಕ್ಷಾಯಣಿ ಬಂದರೆ?

"ಏ ದಾಕ್ಷಿ, ಸಾರಿನ್ಯಾಗ ಉಪ್ಪಿಲ್ಲ. ನೀ ಎಂಥಾ ಸೆಕ್ರೆಟರಿ ಅದಿ?" ಎಂದು ಫಸ್ಟ್ ಇಯರಿನ ಹುಡುಗಿ ಕೇಳುತ್ತಿದ್ದಳು. ಕೇಳಿದ ಮೇಲೆ ಇವಳ ತಟ್ಟೆಯಿಂದಲೇ ಒಂದು ಹಪ್ಪಳ ಎತ್ತಿಕೊಳ್ಳುತ್ತಿದ್ದಳು.

ಎದುರು ಮೇಜಿನಲ್ಲಿ 'ನೀವು', ತನ್ನ ಮೇಜಿನಲ್ಲಿ 'ನೀ'... ದಾಕ್ಷಾಯಣಿಗೆ ತುತ್ತು ಗಂಟಲಲ್ಲಿ ಇಳಿಯುತ್ತಿರಲಿಲ್ಲ.

ಆ ಬಳಗಕ್ಕೊಂದು ವಿಚಿತ್ರ ಪದ್ಧತಿಯಿತ್ತು. ತನ್ನ ಪರ ಮಾತಾಡಲು ಯಾರೂ ಗೆಳತಿಯರನ್ನು ಕರೆತರುವಂತಿಲ್ಲ. ತನಗೆ 'ಆಗದವರು' ಯಾರೋ ಅವರ ಹೆಸರು ಹೇಳಬೇಕು.

ಅವರು ಬಂದು ಎಲ್ಲರೆದುರು ಇವಳ ಬಗ್ಗೆ ಮಾತಾಡಬೇಕು... ಇವಳು ತುಟಿ ಬಿಚ್ಚದೆ ಕೇಳಬೇಕು.

"ಹೊಗಳೋರು ಎಲ್ಲಾ ಕಡೆ ಸಿಗ್ತಾರವಾ," ಎನ್ನುತ್ತಿದ್ದರು ಬಳಗದ ಅಧ್ಯಕ್ಷೆ, ನಿವೃತ್ತ ಪ್ರಾಧ್ಯಾಪಕಿ ಕಸ್ತೂರಿ ಮೇಡಂ. "ಆಗದಾಕಿ ಬಾಯಾಗ ಒಂದು ಒಳ್ಳೆ ಮಾತು ಬಂತಂದ್ರ, ಅದನ್ನ ನಂಬಬಹುದು."

ಆ ವರ್ಷ ಕೊನೆಗೆ ಉಳಿದವರು ಇಬ್ಬರೇ.

ದಾಕ್ಷಾಯಣಿ "ಇಂದುಮತಿ" ಎಂದಳು. ಇಂದುಮತಿ "ದಾಕ್ಷಾಯಣಿ" ಎಂದಳು. ಇಬ್ಬರೂ ಯೋಚಿಸಲು ಸಮಯ ತೆಗೆದುಕೊಳ್ಳಲಿಲ್ಲ.

ದಾಕ್ಷಾಯಣಿಯ ಬಳಿ ಒಂದು ಅಸ್ತ್ರವಿತ್ತು... ಇಂದುಮತಿಗೆ ತನ್ನ ಹುಡುಗಿಯರ ಹೆಸರೇ ಗೊತ್ತಿರಲಿಲ್ಲ. ರೂಮ್ ನಂಬರಿನಿಂದ ಕರೆಯುತ್ತಿದ್ದಳು. "ಹನ್ನೆರಡು, ಲೈಟ್ ಆರ್ಸು" ಎಂದು ಕೂಗಿದ್ದನ್ನು ದಾಕ್ಷಾಯಣಿ ಕಿವಿಯಾರೆ ಕೇಳಿದ್ದಳು.

ಇದೊಂದು ಮಾತು ಹೇಳಿದರೆ ಸಾಕು, ಶಾಲು ತನ್ನದು. ಹೇಳುವಾಗ ಮುಖದಲ್ಲಿ ಎಷ್ಟು ದುಃಖವಿರಬೇಕು ಎಂಬುದನ್ನು ಸಹ ಕನ್ನಡಿ ಮುಂದೆ ನಿಂತು ಅಭ್ಯಾಸ ಮಾಡಿದ್ದಳು.

ಆ ದಿನ ಹಾಲ್‌ನಲ್ಲಿ ಎಲ್ಲರೂ ಸೇರಿದರು. ಮೊದಲ ಸರದಿ ಇಂದುಮತಿಯದು. ಎದ್ದು ನಿಂತಳು. ಸೆರಗು ಸರಿಮಾಡಿಕೊಂಡಳು.

"ಈಕಿ ಮ್ಯಾಲೆ ನನಗ ಹೊಟ್ಟಿಕಿಚ್ಚು ಐತ್ರಿ ಮೇಡಂ."

ಹಾಲ್‌ನಲ್ಲಿದ್ದವರೆಲ್ಲ ದಾಕ್ಷಾಯಣಿಯ ಕಡೆ ತಿರುಗಿದರು...

"ಹೋದ ತಿಂಗಳ ನನಗ ಜ್ವರ ಬಂದಿತ್ರಿ. ನನ್ನ ಹುಡುಗ್ಯಾರು ಬಾಗಲದಾಗ ನಿಂತು, 'ಗುಳಿಗಿ ತಗೊಂಡ್ರಿ ಮೇಡಂ?' ಅಂತ ಕೇಳಿ ಹೋದ್ರು. ಯಾರೂ ಒಳಗ ಬರಲಿಲ್ಲ. ತಪ್ಪು ಅವರದಲ್ರಿ. ಒಳಗ ಬರಬಾರದಂಗ ನಾನ ಇದ್ದೆ."

"ಕಿಟಕ್ಯಾಗ ನೋಡಿದ್ರ, ಎದುರಿನ ಕಟ್ಟಿ ಮ್ಯಾಲೆ ಈಕಿ ಕುಂತಿದ್ಲು. ಜೂನಿಯರ್ ಹುಡುಗಿ ಒಬ್ಬಾಕಿ ಈಕಿ ತಲಿ ಬಾಚಾಕತ್ತಿದ್ಲು... 'ಸುಮ್ನ ಕುಂದ್ರಬಾರದೇನ ದಾಕ್ಷಿ' ಅಂತ ಬೈಯಾಕತ್ತಿದ್ಲು."

ಇಂದುಮತಿಯ ದನಿ ಅಲ್ಲಿಗೆ ಸಣ್ಣದಾಯಿತು.

"ನಾ ಕಿಟಕಿ ಹಾಕ್ಕೊಂಡು ಅತ್ತುಬಿಟ್ಟೆ ಮೇಡಂ. ಆಗದಾಕಿ ಅಂತ ಈಕಿ ಹೆಸರು ಹೇಳಿದ್ದು ಅದಕ್ಕ... ನನಗ ನೋಡಾಕ ಆಗೂದಿಲ್ಲ."

ದಾಕ್ಷಾಯಣಿಗೆ ತನ್ನ ಸರದಿ ಬಂದದ್ದೇ ತಿಳಿಯಲಿಲ್ಲ. ಕಸ್ತೂರಿ ಮೇಡಂ ಎರಡನೇ ಸಲ ಕರೆದಾಗ ಎದ್ದಳು.

ಅಸ್ತ್ರ ನಾಲಿಗೆಯ ತುದಿಯಲ್ಲೇ ಇತ್ತು. ಎದುರಾಳಿ ಈಗಷ್ಟೇ ತಾನಾಗಿ ಎದೆ ತೆರೆದು ನಿಂತಿದ್ದಳು... ಹೊಡೆಯಲು ಇದಕ್ಕಿಂತ ಒಳ್ಳೆಯ ಹೊತ್ತು ಬೇಕೇ?

ನುಂಗಿದಳು. ಸುಲಭವಾಗಿ ಇಳಿಯಲಿಲ್ಲ.

"ನಂದೂ ಅದ ರೋಗ ಮೇಡಂ," ಎಂದಳು. ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕೆಂದರು. "ಈಕಿ ಬಂದ್ರ ಹುಡುಗ್ಯಾರು ಎದ್ದು ನಿಂದ್ರತಾರಲ್ರಿ... ಅದನ್ನ ನೋಡಿ ನನಗ ಊಟ ಸೇರತಿದ್ದಿಲ್ಲ."

"ಆದ್ರ ಒಂದು ಮಾತು ನಾ ಯಾರಿಗೂ ಹೇಳಿಲ್ಲ. ನಳ ಬಂದ್ ಆದ ವಾರ ನನ್ನ ಹಾಸ್ಟೆಲ್‌ನ್ಯಾಗ ಕೊಡಕ್ಕೊಂದು ಜಗಳ. ಈಕಿ ತನ್ನ ಹಾಸ್ಟೆಲ್‌ನ್ಯಾಗ ಟ್ಯಾಂಕರ್ ನೀರಿಗೆ ಪಾಳಿ ಹಚ್ಚಿ ಎಲ್ಲಾರಿಗೂ ನೀರು ಸಿಗೂ ಹಂಗ ಮಾಡಿದ್ಲು. ತನ್ನ ಪಾಳಿ ಎಲ್ಲಾರಕಿಂತ ಕಡೀಕ ಇಟ್ಕೊಂಡಿದ್ಲು."

"ನನ್ನ ಹುಡುಗ್ಯಾರೂ ಅಲ್ಲೇ ಹೋಗಿ ತುಂಬ್ಕೊಂಡು ಬಂದ್ರು. ಈಕಿ ಬ್ಯಾಡ ಅನ್ನಲಿಲ್ಲ. ನಾ ಮಾತ್ರ, 'ನೀರು ನಾನ ವ್ಯವಸ್ಥಾ ಮಾಡೀನಿ' ಅಂತ ವಾರ್ಡನ್‌ಗೆ ಹೇಳಿದ್ದೆ."

ಆ ಸಂಜೆ ನೀಲಿ ಶಾಲು ಇಂದುಮತಿಯ ಹೆಗಲೇರಿತು.

ದಾಕ್ಷಾಯಣಿ ಚಪ್ಪಾಳೆ ತಟ್ಟಿದಳು. ಎದೆಯೊಳಗೆ ಇನ್ನೂ ಚುರುಚುರು ಅನ್ನುತ್ತಿತ್ತು... ಒಂದು ಭಾಷಣದಿಂದ ಆರುವ ಬೆಂಕಿಯಲ್ಲ ಅದು. ಆದರೂ ತಟ್ಟಿದಳು.

ಹೊರಗೆ ಮೆಟ್ಟಿಲ ಮೇಲೆ ಇಂದುಮತಿ ಬಂದು ಪಕ್ಕದಲ್ಲಿ ಕುಳಿತಳು.

"ಒಂದು ಹೇಳ್ತೀನಿ, ಯಾರಿಗೂ ಹೇಳಬ್ಯಾಡ್ರಿ," ಎಂದಳು ಇಂದುಮತಿ, ತಲೆ ತಗ್ಗಿಸಿ. "ಈ ಶಾಲಿಗೆ ನಾ ಲಾಯಕ್ ಅಲ್ಲ. ನನ್ನ ಹುಡುಗ್ಯಾರ ಹೆಸರು ಸುದ್ದಾ ನನಗ ನೆಟ್ಟಗ ಗೊತ್ತಿಲ್ಲ."

"ಗೊತ್ತೈತಿ," ಎಂದಳು ದಾಕ್ಷಾಯಣಿ.

"ಯಾವಾಗಿಂದ?"

"ಹೋದ ವರ್ಷದಿಂದ."

ಇಂದುಮತಿ ಅವಳ ಮುಖವನ್ನೇ ನೋಡಿದಳು... ಒಳಗೆ ಹಾಲ್‌ನಲ್ಲಿ ದಾಕ್ಷಾಯಣಿ ಹೇಳದೆ ಬಿಟ್ಟದ್ದು ಏನೆಂದು ಆಗ ಅರ್ಥವಾಯಿತು.

ಕಣ್ಣೊರೆಸಿಕೊಳ್ಳಲು ಕೈಗೆ ಸಿಕ್ಕಿದ್ದು ಆ ಹೊಸ ಶಾಲೇ.

ನಾವು ಯಾರನ್ನು ನೋಡಿ ಉರಿಯುತ್ತೇವೋ, ಅವರ ಕಿಟಕಿಯಿಂದ ನೋಡಿದರೆ ನಮ್ಮ ಬದುಕೂ ಯಾರೋ ಆಸೆಪಡುವ ಬದುಕೇ.

'ಆಗದವರು' ಯಾರೆಂದು ನಿಮ್ಮನ್ನು ಕೇಳಿದರೆ ಯಾರ ಹೆಸರು ಹೇಳುತ್ತೀರಿ... ಅವರ ಬಗ್ಗೆ ಗೊತ್ತಿದ್ದೂ ನೀವು ಇದುವರೆಗೆ ಯಾರಿಗೂ ಹೇಳದ ಒಳ್ಳೆಯ ಮಾತು ಯಾವುದು?