ಸೂರ್ಯಾಸ್ತದ ನಂತರದ ಮುಹೂರ್ತ

ನಮ್ಮೂರಿನ ಆಕಾಶವನ್ನು ನಡೆಸುವ ಪ್ರೋಗ್ರಾಂ ತೀರ ಹಳೆಯದು, ಆಗಾಗ ಸಿಕ್ಕಿಕೊಳ್ಳುತ್ತಿತ್ತು. ನಾನು ಅದನ್ನು ಪೂರ್ತಿ ಹೊಸದಾಗಿ ಬರೆದು ಮುಗಿಸಿ ಮೂರು ವರ್ಷವಾಗಿತ್ತು. ಹಳೆಯದನ್ನು ತೆಗೆದು ಹೊಸದನ್ನು ಸೇರಿಸಲು ಇಡೀ ಒಂದು ದಿನ ಆಕಾಶವನ್ನು ಆರಿಸಿಡಬೇಕು. ಅದಕ್ಕೆ ಪುರಸಭೆಯ ಜೋಯಿಸರು ಮುಹೂರ್ತ ಕೊಟ್ಟು, ಯಂತ್ರದ ಮೇಲೆ ತಮ್ಮ ಹೆಬ್ಬೆರಳು ಒತ್ತಬೇಕು. ಆಷಾಢ ಬೇಡವೆಂದರು. ಶ್ರಾವಣದಲ್ಲಿ ಮದುವೆಗಳಿದ್ದವು. ಪಿತೃಪಕ್ಷದ ಮಾತೇ ಎತ್ತಬೇಡಿ ಎಂದರು ಅಧ್ಯಕ್ಷರು. ಅವರು ಮುಂದೂಡಿದಷ್ಟು ಸಲ ನಾನು ಹಳೆಯದಕ್ಕೆ ತೇಪೆ ಹಾಕುತ್ತಾ ಕೂತೆ.

ಕೊನೆಗೂ ಒಂದು ದಿನ ಗೊತ್ತಾಯಿತು: ದಶಮಿ, ಸೂರ್ಯಾಸ್ತವಾಗಿ ಮೂರು ಗಳಿಗೆಗೆ.

ಆ ದಿನ ಗಡಿಯಾರದಲ್ಲಿ ರಾತ್ರಿ ಎಂಟೂವರೆಯಾದರೂ ಸೂರ್ಯ ನೆತ್ತಿ ಬಿಟ್ಟು ಕದಲಲಿಲ್ಲ. ಮಧ್ಯಾಹ್ನದಿಂದ ಅಲ್ಲೇ ಸಿಕ್ಕಿಕೊಂಡಿದ್ದ. ನಲ್ಲಿಯ ನೀರು ಕೈ ಸುಡುತ್ತಿತ್ತು. ಪುರಸಭೆಯ ಪಡಸಾಲೆಯಲ್ಲಿ ಮಕ್ಕಳನ್ನು ಒದ್ದೆ ಬಟ್ಟೆ ಹೊದಿಸಿ ಮಲಗಿಸಿದ್ದರು. ಜೋಯಿಸರ ಮೊಮ್ಮಗಳೂ ಅಲ್ಲೇ ಇದ್ದಳು.

"ಈಗಲೇ ಒತ್ತಿಬಿಡಿ ಜೋಯಿಸರೇ, ನಿಮ್ಮ ಕಾಲಿಗೆ ಬೀಳ್ತೀನಿ," ಎಂದೆ.

ಅವರು ಬೆವರು ಒರೆಸಿಕೊಂಡು ಪಂಚಾಂಗದ ಆ ಮುಹೂರ್ತದ ಸಾಲನ್ನು ಮತ್ತೊಮ್ಮೆ ಓದಿದರು. ಹೆಬ್ಬೆರಳನ್ನು ಯಂತ್ರದ ಹತ್ತಿರ ತಂದು ಅಲ್ಲೇ ನಿಲ್ಲಿಸಿದರು.

"ಒತ್ತುತ್ತೀನಮ್ಮಾ ವಸುಧಾ," ಎಂದರು ಅಳುವ ದನಿಯಲ್ಲಿ. "ಸೂರ್ಯ ಒಂದು ಸಲ ಮುಳುಗಲಿ."