ಸ್ವಾಗತ ಸಮಿತಿಯ ಠರಾವು

ಕೊನೆಯ ಬೆಂಚಿನಲ್ಲಿ ಕುಳಿತಿದ್ದ ಹೆಂಗಸು ಆರಾಧನೆಗೆ ಬಂದವರನ್ನು ಎಣಿಸುತ್ತಿದ್ದಳು. ಬೆರಳು ಮಡಚುತ್ತ, ತುಟಿ ಅಲ್ಲಾಡಿಸುತ್ತ, ಒಬ್ಬೊಬ್ಬರನ್ನೇ. ಕೀರ್ತನೆಯ ಎರಡನೇ ಚರಣದ ಹೊತ್ತಿಗೆ ಇದು ಫಕೀರಪ್ಪನವರ ಕಣ್ಣಿಗೆ ಬಿತ್ತು. ಮೂರನೇ ಚರಣದೊಳಗೆ ಅವಳ ಲೆಕ್ಕ ಮುಗಿದಿತ್ತು. ಇದ್ದವರೇ ಹತ್ತೊಂಬತ್ತು ಮಂದಿ.

ಪುಣೆಯ ಕ್ಯಾಂಪಿನ ಈ ಕನ್ನಡ ಚರ್ಚಿಗೆ ಫಕೀರಪ್ಪ ಇಪ್ಪತ್ತೆಂಟು ವರ್ಷಗಳಿಂದ ಕಾರ್ಯದರ್ಶಿ. ಅಂತಿಂಥ ಚರ್ಚಲ್ಲ, ಪ್ರಗತಿಪರ ಚರ್ಚು. ಜಾತಿ ಕೇಳುವುದಿಲ್ಲವೆಂದು ಠರಾವು ಮಾಡಿತ್ತು. ವಿಚ್ಛೇದಿತರಿಗೆ, ಬೇರೆ ಧರ್ಮದವರನ್ನು ಮದುವೆಯಾದವರಿಗೆ, ಗಂಡನ್ನು ಪ್ರೀತಿಸುವ ಗಂಡಿಗೆ, ಹೆಣ್ಣನ್ನು ಪ್ರೀತಿಸುವ ಹೆಣ್ಣಿಗೆ ಬಾಗಿಲು ತೆರೆದಿದೆಯೆಂದು ಒಂದೊಂದಕ್ಕೂ ಬೇರೆ ಬೇರೆ ಠರಾವು. ಎಲ್ಲವೂ ಸರ್ವಾನುಮತದವು. ಏಳು ಜನರ ಸ್ವಾಗತ ಸಮಿತಿಯೂ ಇತ್ತು. ಹನ್ನೊಂದು ವರ್ಷಗಳಿಂದ ಅದು ಯಾರನ್ನೂ ಸ್ವಾಗತಿಸಿರಲಿಲ್ಲ, ಯಾಕೆಂದರೆ ಯಾರೂ ಬಂದಿರಲಿಲ್ಲ. ಆದರೂ ತಿಂಗಳಿಗೊಮ್ಮೆ ತಪ್ಪದೆ ಸೇರಿ ಚಹಾ ಕುಡಿಯುತ್ತಿತ್ತು.

ಕೆಲವು ವಾರಗಳ ಹಿಂದೆ ಮೇಲಿನವರಿಂದ, ಬಿಷಪ್ಪರ ಕಚೇರಿಯಿಂದ, ಪತ್ರ ಬಂದಿತ್ತು. ಈಸ್ಟರಿನೊಳಗೆ ಸದಸ್ಯರ ಸಂಖ್ಯೆ ಮೂವತ್ತು ಮುಟ್ಟದಿದ್ದರೆ ಚರ್ಚಿಗೆ ಬೀಗ. ಫಕೀರಪ್ಪ ಮದುವೆಯಾದದ್ದು ಇಲ್ಲೇ, ಹೆಂಡತಿಯನ್ನು ಕೊನೆಗೆ ಕಳಿಸಿಕೊಟ್ಟದ್ದೂ ಇಲ್ಲಿಂದಲೇ. ಪತ್ರ ಓದಿದ ದಿನ ಅವರಿಗೆ ಅನ್ನ ಸೇರಲಿಲ್ಲ.

ವಾರದೊಳಗೆ ಭೋಸರಿಯಿಂದ ಇನ್ನೊಂದು ಪತ್ರ ಬಂತು. ಬೀದರ್ ಕಡೆಯಿಂದ ಕಾರ್ಖಾನೆ ಕೆಲಸಕ್ಕೆ ಬಂದ ಕ್ರೈಸ್ತರು ಅಲ್ಲೊಂದು ತಗಡಿನ ಶೆಡ್ಡಿನಲ್ಲಿ ಪ್ರಾರ್ಥನೆಗೆ ಕೂಡುತ್ತಿದ್ದರು. ಅವರ ಹಿರಿಯ ಅಂಬಾದಾಸ ನೋಟ್‌ಬುಕ್ಕಿನ ಹಾಳೆಯಲ್ಲಿ ಬರೆದಿದ್ದ: "ನಿಮ್ಮ ವಿಷಯ ಕೇಳಿದೆವು. ನೀವು ನಾವು ಒಂದಾದರೆ ಒಳ್ಳೆಯದು ಅನಿಸುತ್ತದೆ. ನಮ್ಮ ಸಾಬವ್ವ ಮೂರು ರವಿವಾರ ಬಂದು ನೋಡಿಕೊಂಡು ಹೋಗಲಿ."

ಫಕೀರಪ್ಪನವರಿಗೆ ಹೋದ ಜೀವ ಬಂದಂತಾಯಿತು. ಸ್ವಾಗತ ಸಮಿತಿಗೆ ಮಾತ್ರ ಚಹಾ ಗಂಟಲಲ್ಲಿ ಸಿಕ್ಕಿಕೊಂಡಿತು.

"ಪಾಪ, ಬರ್ಲಿ," ಎಂದರು ಸಮಿತಿಯ ಅಧ್ಯಕ್ಷೆ ನೀತಾ. ಅವರು ನಿವೃತ್ತ ಪ್ರಾಧ್ಯಾಪಕಿ. "ಆದ್ರ ಅವರು ಚಪ್ಪಾಳಿ ಹೊಡಕೋತ ಹಾಡ್ತಾರಂತಲ್ರೀ. ನಮ್ಮ ಪದ್ಧತಿ ಕಲಿಸಬೇಕಾಗ್ತದ."

"ಒಮ್ಮೆ ಭೋಸರಿಗೆ ಹೋಗಿ ನೋಡ್ಕೊಂಡು ಬರೋಣೇನ್ರಿ?" ಎಂದು ಫಕೀರಪ್ಪ ಕೇಳಿದರು.

ಧೂಳು ಎಂದರು ಒಬ್ಬರು. ಟ್ರಾಫಿಕ್ಕು ಎಂದರು ಇನ್ನೊಬ್ಬರು. ಕೂಲಿಕಾರರ ಬದುಕಿನ ಬಗ್ಗೆ ನೀತಾ ಮೂರು ಪ್ರಬಂಧಗಳನ್ನೇ ಬರೆದಿದ್ದರಿಂದ ಹೋಗಿ ನೋಡುವ ಅಗತ್ಯ ಅವರಿಗೂ ಕಾಣಲಿಲ್ಲ.

ಮೊದಲ ರವಿವಾರ ಎಣಿಸಿ ಹೋದ ಸಾಬವ್ವ ಎರಡನೇ ರವಿವಾರ ಬಾಯಿ ಬಿಟ್ಟಳು.

"ಕಾಕಾರ, ನಿಮ್ಮೊಳಗ ಮೆಟ್ಲ ಹತ್ತಲಾರದವರು ಎಷ್ಟು ಮಂದಿ ಅದಾರ್ರಿ?"

"ಐದಾರು ಮಂದಿ ಅದೀವಿ. ಯಾಕವ್ವಾ?"

"ಸುಮ್ನ ಕೇಳಿದ್ನಿರಿ. ಜಡ್ಡು ಬಂದ್ರ ದವಾಖಾನಿಗಿ ಯಾರು ಕರ್ಕೊಂಡು ಹೋಗ್ತಾರ?"

ಫಕೀರಪ್ಪ ಮೆಟ್ಟಿಲ ಕಂಬಿಗೆ ಕೈ ಚಾಚಿದರು. ಅವಳೇ ಅವರ ಕೈ ಹಿಡಿದು ಮೆಟ್ಟಿಲು ಇಳಿಸಿದಳು.

ಪ್ರಶ್ನೆಗಳ ಅರ್ಥವನ್ನು ಸಮಿತಿಗೆ ಬಿಡಿಸಿ ಹೇಳಿದವರು ನೀತಾ. "ಮನಿಗೆಲಸ ಹುಡಕ್ಲಿಕ್ಕತ್ಯಾಳ್ರೀ. ವಯಸ್ಸಾದವರನ್ನ ನೋಡ್ಕೊಳ್ಳೋ ಕೆಲಸ ಎಲ್ಯಾರ ಸಿಕ್ಕೀತೇನೋ ಅಂತ." ಎಲ್ಲರಿಗೂ ಅವಳ ಮೇಲೆ ಕನಿಕರ ಉಕ್ಕಿತು. ಕನಿಕರದಲ್ಲಿ ಆ ಚರ್ಚು ಯಾವತ್ತೂ ಹಿಂದೆ ಬಿದ್ದದ್ದಲ್ಲ.

ಮೂರನೇ ರವಿವಾರ ಆರಾಧನೆ ಮುಗಿದ ಮೇಲೆ ಸಾಬವ್ವನನ್ನು ಹೊರಗೆ ಕೂರಿಸಿ ಒಳಗೆ ಭೋಸರಿಯವರನ್ನು ಸೇರಿಸಿಕೊಳ್ಳುವ ಠರಾವಿನ ಚರ್ಚೆ ಶುರುವಾಯಿತು. ಕರಡು ನೀತಾ ಅವರದು. ಹೊಸಬರು ಒಂದು ವರ್ಷ ಹಿಂದಿನ ಬೆಂಚುಗಳಲ್ಲಿ ಕೂರತಕ್ಕದ್ದು. ಒಂದು ವರ್ಷ ಮತ ಹಾಕುವಂತಿಲ್ಲ. ಚಪ್ಪಾಳೆಯ ವಿಷಯವನ್ನು ಉಪಸಮಿತಿಗೆ ಒಪ್ಪಿಸತಕ್ಕದ್ದು. ಇದೆಲ್ಲ ಅವರಿಗೆ ಹೊರೆಯಾಗಬಾರದೆಂಬ ಕಾಳಜಿಯಿಂದ ಮಾತ್ರ.

ಇಪ್ಪತ್ತೆಂಟು ವರ್ಷಗಳಲ್ಲಿ ಒಮ್ಮೆಯೂ ದನಿ ಏರಿಸದ ಫಕೀರಪ್ಪ ಎದ್ದು ನಿಂತರು.

"ಹೋದ ವರ್ಷ ನಮ್ಮ ಸುಬ್ಬಯ್ಯನವರು ತೀರಿಕೊಂಡಾಗ ಪೆಟ್ಟಿಗಿ ಹೊರ್ಲಿಕ್ಕೆ ನಮ್ಮೊಳಗ ನಾಲ್ಕು ಹೆಗಲು ಸಿಗಲಿಲ್ಲ. ಆಟೋದವರನ್ನ ಕರದ್ವಿ. ಮರೆತ್ರೇನು? ಬರೋ ಮಂದಿಗೆ ಇನ್ನೂ ಷರತ್ತು ಹಾಕ್ತೀರಿ?"

ಜಗಳದಲ್ಲಿ ಠರಾವೇ ಬಿದ್ದುಹೋದರೆ ಚರ್ಚೂ ಹೋದಂತೆಯೇ ಎಂದು ಫಕೀರಪ್ಪನವರಿಗೆ ಗೊತ್ತಿತ್ತು. ನೀತಾ ಕನ್ನಡಕ ಒರೆಸಿಕೊಂಡರು, ಮತ್ತೆ ಒರೆಸಿಕೊಂಡರು, ಆಮೇಲೆ ಷರತ್ತುಗಳ ಮೇಲೆ ಗೆರೆ ಎಳೆದರು. ಹತ್ತೊಂಬತ್ತು ಕೈಗಳು ಮೇಲೆದ್ದವು. ತಮ್ಮ ಔದಾರ್ಯ ಕಂಡು ಇಬ್ಬರಿಗೆ ಕಣ್ಣೀರೇ ಬಂತು. ಒಬ್ಬರು ಫೋಟೊ ತೆಗೆದುಕೊಂಡರು.

ಸಾಬವ್ವನನ್ನು ಒಳಗೆ ಕರೆದು ಮುಂದಿನ ಬೆಂಚಿನಲ್ಲಿ ಕೂರಿಸಿದರು. ನೀತಾ ನಿಂತು ಓದಿದರು: "ಭೋಸರಿಯ ಬಾಂಧವರನ್ನು ಯಾವ ಭೇದಭಾವವೂ ಇಲ್ಲದೆ, ತೆರೆದ ಮನಸ್ಸಿನಿಂದ, ನಮ್ಮ ಸಭೆಗೆ ಸೇರಿಸಿಕೊಳ್ಳಲು ಸರ್ವಾನುಮತದಿಂದ ನಿರ್ಧರಿಸಲಾಗಿದೆ."

ಸಾಬವ್ವ ಒಬ್ಬೊಬ್ಬರ ಮುಖವನ್ನೂ ನೋಡಿದಳು. ಏನೋ ಹೇಳಲು ಹೋಗಿ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಕೃತಜ್ಞತೆಗೆ ಮಾತು ಹೊರಡುತ್ತಿಲ್ಲವೆಂದು ಎಲ್ಲರೂ ತಿಳಿದರು.

"ಸಂಕೋಚ ಬ್ಯಾಡವ್ವ," ಎಂದರು ಫಕೀರಪ್ಪ. "ನೀವು ಎಷ್ಟು ಮಂದಿ ಅದೀರಿ ಹೇಳು. ಇವತ್ತೇ ಹೆಸರು ಬರಕೋತೀನಿ."

"ನಾನೂರಾ ಅರವತ್ತು ಮಂದಿ ಅದೀವ್ರಿ ಕಾಕಾರ, ರವಿವಾರಕ್ಕ ಮೂರು ಸಲ ಆರಾಧನಿ ಮಾಡಿದ್ರೂ ಶೆಡ್ಡಿನಾಗ ಜಾಗ ಸಾಲಂಗಿಲ್ಲ," ಎಂದಳು ಸಾಬವ್ವ. "ಇಲ್ಲಿ ಬೀಗ ಬಿದ್ರ ಈ ಮುದುಕರು ಎಲ್ಲಿ ಹೋಗ್ಬೇಕು ಅಂತ ನಮ್ಮವರೇ ನನ್ನ ಕಳಿಸಿದ್ರು, ನಿಮ್ಮನ್ನ ಸೇರಿಸ್ಕೋಬೇಕೋ ಬ್ಯಾಡೋ ಅಂತ ಮೂರು ವಾರ ಭಾಳ ಜಗಳ ಆಯ್ತ್ರಿ, ಆದ್ರ ನಿನ್ನಿ ಎಲ್ಲಾರೂ ಒಪ್ಕೊಂಡಾರ, ಮುಂದಿನ ರವಿವಾರ ಟೆಂಪೊ ಕಳಸ್ತೀವಿ."