ಮುಖ ಕಾಣುವ ಪಾತ್ರ

ತೆರೆಯ ಮೇಲೆ ನಾಯಕ ಮಚ್ಚು ಎತ್ತುತ್ತಿದ್ದಂತೆ ರತ್ನವ್ವ ಪಕ್ಕದಲ್ಲಿದ್ದ ಮಗನ ಮೊಣಕೈ ಹಿಡಿದಳು. “ಅದ್ರಾಗ ನೀ ಯಾಂವಾ, ಶರಣ್ಯಾ?”

“ಎಡಕ್ಕ ಮೂರನೇದಂವ ನೋಡ ಯವ್ವಾ,” ಎಂದ ಶರಣು. ಹೇಳಿ ಬಾಯಿ ಮುಚ್ಚುವಷ್ಟರಲ್ಲಿ ಎಡಗಡೆಯ ಮೂರನೆಯವನ ತಲೆ ಹಾರಿತು. ಯಶವಂತಪುರದ ಆ ಚಿತ್ರಮಂದಿರದ ತುಂಬ ಶಿಳ್ಳೆ ಎದ್ದಿತು.

ಅನ್ಯಗ್ರಹದವರು ಬೆಂಗಳೂರಿಗೆ ಬಂದಿಳಿಯುವ ಸಿನಿಮಾ ಅದು. ಎಷ್ಟೋ ಜ್ಯೋತಿರ್ವರ್ಷ ದಾಟಿ ಬಂದ ಆ ಬಡಪಾಯಿಗಳು ಹೆಬ್ಬಾಳದ ಫ್ಲೈಓವರಿನ ಟ್ರಾಫಿಕ್ ದಾಟಲಾಗದೆ ಅಲ್ಲೇ ನಾಯಕನ ಕೈಗೆ ಸಿಕ್ಕಿಬಿದ್ದಿದ್ದರು. ಅಷ್ಟು ದೂರ ಹಾರುವ ಹಡಗು ಕಟ್ಟುವಷ್ಟು ಬುದ್ಧಿ ಇದ್ದವರ ಕೈಯಲ್ಲಿ ಒಂದು ದೊಣ್ಣೆಯೂ ಇರಲಿಲ್ಲ. ಅವರು ಯಾಕೆ ಬಂದರು ಅನ್ನುವುದನ್ನು ಹೇಳಲು ನಿರ್ದೇಶಕರಿಗೆ ಪುರುಸೊತ್ತಾಗಿರಲಿಲ್ಲ. ಅವರ ರಕ್ತ ಹಸಿರಾಗಿರಬೇಕೆಂದು ಮೊದಲು ತೀರ್ಮಾನವಾಗಿತ್ತಂತೆ. ಆಮೇಲೆ ಬೇರೆ ದೃಶ್ಯ ಕೂಡಿಸಲೆಂದು ಹಿಂದೆ ಕಟ್ಟಿದ್ದ ಹಸಿರು ಪರದೆಯ ಜೊತೆ ರಕ್ತವೂ ಕಂಪ್ಯೂಟರಿನಲ್ಲಿ ಮಾಯವಾಗತೊಡಗಿದ್ದರಿಂದ ಕೆಂಪೇ ಇರಲಿ ಎಂದರು. ಸುರಿದದ್ದು ಮಾತ್ರ ಧಾರಾಳ. ರಬ್ಬರಿನ ಮುಖವಾಡಗಳು ಹತ್ತೋ ಹನ್ನೆರಡೋ, ಸಾಯಬೇಕಾದವರು ಸಾವಿರಾರು. ಹಾಗಾಗಿ ಶರಣು ಮತ್ತವನ ಜೊತೆಯವರು ಸತ್ತು, ಎದ್ದು, ಬೆವರು ಒರೆಸಿಕೊಂಡು, ಇನ್ನೊಂದು ದಿಕ್ಕಿನಿಂದ ಓಡಿಬಂದು ಮತ್ತೆ ಸಾಯುತ್ತಿದ್ದರು.

“ನಿನ್ನ ಮಾರಿ ಯಾವಾಗ ಕಾಣತೈತೋ?” ರತ್ನವ್ವ ತೆರೆಯ ಮೇಲೆ ಮಗನ ಮುಖ ಹುಡುಕುತ್ತ ಮತ್ತೆ ಕೇಳಿದಳು.

“ಮಾರಿ ಕಾಣೂದಿಲ್ಲ. ಈಗ ಬಲಕ್ಕಿಂದ ಓಡಿ ಬಂದ್ನಲ್ಲ, ಅಂವನೂ ನಾನಽ.” ಅವನನ್ನು ನಾಯಕ ಅಡ್ಡಡ್ಡ ಸೀಳಿದ. “ಅದು ಬರೇ ಬಣ್ಣ ಯವ್ವಾ.”

“ಬಣ್ಣರ ಇರಲಿ, ಏನರ ಇರಲಿ. ಕಡ್ಯಾಕತ್ತಿದ್ದು ನನ್ನ ಮಗನ್ನಽ ಹೌದಲ್ಲೋ?”

ಇದನ್ನೇ ಹೊರಗೂ ಅಂದುಬಿಟ್ಟರೆ ಎಂದು ಶರಣು ಹೆದರಿದ. ಪ್ರೊಡಕ್ಷನ್ ಮ್ಯಾನೇಜರ್ ಮಜೀದ್ ಮೊನ್ನೆಯೇ ಹೇಳಿದ್ದ: ಮೊದಲ ಆಟ ಬಿಟ್ಟಾಗ ಹೊರಗೆ ಯೂಟ್ಯೂಬಿನವರು ಮೈಕು ಹಿಡಿದು ನಿಂತಿರುತ್ತಾರೆ, ಅಮ್ಮನ ಬಾಯಲ್ಲಿ ನಾಲ್ಕು ಒಳ್ಳೆ ಮಾತು ಆಡಿಸು, ಪಾರ್ಟ್ ಟೂನಲ್ಲಿ ಮುಖ ಕಾಣುವ ಪಾತ್ರ ಕೊಡಿಸುವುದು ನನ್ನ ಜವಾಬ್ದಾರಿ. ಶರಣು ಇದುವರೆಗೆ ಹೆಣವಾಗಿದ್ದ, ಪೊಲೀಸನ ಬೆನ್ನಾಗಿದ್ದ, ಮದುವೆಯೂಟದ ಪಂಕ್ತಿಯಲ್ಲಿ ಒಂದು ಎಲೆಯ ಹಿಂದೆ ಕೂತಿದ್ದ. ಮುಖ ಮಾತ್ರ ತೆರೆ ಕಂಡಿರಲಿಲ್ಲ. ಮತ್ತಿಕೆರೆಯಲ್ಲಿ ಅವ್ವ ನಡೆಸುವ ರೊಟ್ಟಿ ಖಾನಾವಳಿಯಲ್ಲಿ, ಯಾರೇ ಬಂದರೂ ಏನು ಬೇಕೆಂದು ಕೇಳುವ ಮೊದಲು ಅವಳು ನೀರಿನ ತಂಬಿಗೆ ಇಡುತ್ತಿದ್ದಳು. ಆ ನೀರು ಕುಡಿಯುತ್ತಲೇ ಕಾಲೇಜು ಹುಡುಗರು “ಶರಣು ಅಣ್ಣ, ಈ ಸಲನಾದ್ರೂ ಕಾಣ್ತೀಯಾ?” ಎಂದು ಅವನ ಕಾಲೆಳೆಯುತ್ತಿದ್ದರು. ಇವತ್ತು ಖಾನಾವಳಿಯ ಬಾಗಿಲು ಹಾಕಿ, ಇಳಕಲ್ ಸೀರೆ ಉಟ್ಟು ಅವ್ವ ಬಂದಿದ್ದಳು. ಆಟೋದಲ್ಲಿ ದಾರಿಯುದ್ದಕ್ಕೂ ಶರಣು ಅವಳಿಗೆ ಬಾಯಿಪಾಠ ಮಾಡಿಸಿದ್ದ: “ಸಿನಿಮಾ ಸೂಪರ್ ಐತಿ, ಮನಿಮಂದಿ ಎಲ್ಲಾ ಕೂತು ನೋಡಬೇಕು.”

ವಿರಾಮದ ನಂತರ ರತ್ನವ್ವ ಕೇಳುವುದನ್ನೇ ಬಿಟ್ಟಳು. ಮಗ ಯಾವನೋ ಬೇರೆಯವನು ಯಾವನೋ, ಮುಖವಾಡವೆಲ್ಲ ಒಂದೇ. ಹಾಗಾಗಿ ಒಬ್ಬೊಬ್ಬ ಬಿದ್ದಾಗಲೂ ಸೆರಗಿನಿಂದ ಕಣ್ಣೊರೆಸಿಕೊಂಡಳು. ಮುಂದಿನ ಸಾಲಿನವರು ಎದ್ದು ನಿಂತು “ಹಾಕಣ್ಣ ಇನ್ನೊಂದು” ಎಂದು ಕುಣಿಯುತ್ತಿದ್ದರು. ಆ ಇಡೀ ಚಿತ್ರಮಂದಿರದಲ್ಲಿ ಅನ್ಯಗ್ರಹದವರ ಕಡೆಯವರು ಅಂತ ಇದ್ದದ್ದು ಅವಳೊಬ್ಬಳೇ.

ಹೊರಗೆ ಬಂದ ಕೂಡಲೇ ಮೈಕುಗಳು ಮುತ್ತಿಕೊಂಡವು. ಕಂಬದ ಪಕ್ಕ ನಿಂತಿದ್ದ ಮಜೀದ್ ಹೆಬ್ಬೆರಳು ಎತ್ತಿ ತೋರಿಸಿದ.

“ಅಮ್ಮಾ, ಸಿನಿಮಾ ಹೆಂಗಿದೆ?”

ರತ್ನವ್ವ ಮಗನ ಮುಖ ನೋಡಿದಳು. ಶರಣು ಕಣ್ಣಲ್ಲೇ ಕೈಮುಗಿದ.

“ಸಿನಿಮಾ ಸೂಪರ್ ಐತಿ,” ಎಂದು ಶುರು ಮಾಡಿದಳು. ಅಷ್ಟಕ್ಕೇ ನಿಲ್ಲಿಸಿ ಮೈಕು ಹಿಡಿದ ಹುಡುಗನ ಕಡೆ ತಿರುಗಿದಳು. “ಅಲ್ಲೋ ತಮ್ಮಾ, ಪಾಪ ಅಷ್ಟ ದೂರದಿಂದ ಬಂದಾರ. ಯಾಕ ಬಂದ್ರಿ ಅಂತ ಒಬ್ಬರರ ಕೇಳಿದ್ರೇನು? ಒಂದ ತಂಬಿಗಿ ನೀರ ಕೊಟ್ರೇನು? ಬಂದವರನ್ನ ಬಂದಂಗ ಕಡದ್ರು. ನಾವೂ ಈ ಊರಿಗೆ ಹೊರಗಿಂದ ಬಂದವರಽ ಅಲ್ಲೇನು?”

ಯಾರೋ ಕಿಸಕ್ಕನೆ ನಕ್ಕರು. ಆಮೇಲೆ ಯಾರೂ ನಗಲಿಲ್ಲ. “ಇನ್ನೊಂದ್ಸಲ ಹೇಳಿ ಅಮ್ಮಾ” ಎಂದು ಉಳಿದ ಮೈಕುಗಳೂ ನುಗ್ಗಿದವು. ಪಕ್ಕದಲ್ಲಿ “ಮೇಕಿಂಗ್ ಬೆಂಕಿ ಗುರು” ಎಂದು ಕೂಗುತ್ತಿದ್ದ ಬಾಡಿಗೆ ಅಭಿಮಾನಿಗಳನ್ನು ಕೇಳುವವರೇ ಇಲ್ಲದಾಯಿತು. ಮಜೀದ್ ಫೋನ್ ಕಿವಿಗೆ ಹಚ್ಚಿ ತಲೆಯಾಡಿಸುತ್ತಿದ್ದ. ಅಲ್ಲಿಗೆ ತನ್ನ ಕಥೆ ಮುಗಿಯಿತು ಅಂದುಕೊಂಡ ಶರಣು. ಅವ್ವನ ಮೇಲೆ ಕೆಟ್ಟ ಸಿಟ್ಟು ಬಂತು, ಅದರ ಹಿಂದೆಯೇ ಅವಳನ್ನು ತಬ್ಬಿಕೊಳ್ಳಬೇಕೆಂದೂ ಅನ್ನಿಸಿತು. ಇಷ್ಟು ಸಿನಿಮಾಗಳಲ್ಲಿ ಸತ್ತಿದ್ದ. ಅವನಿಗಾಗಿ ಯಾರೂ ಅತ್ತಿರಲಿಲ್ಲ.

ಮಜೀದ್ ಓಡಿಬಂದ. “ಡೈರೆಕ್ಟರ್ ಲೈವ್ ನೋಡ್ತಾ ಇದ್ರು ಗುರು. ಪಾರ್ಟ್ ಟೂಗೆ ಸೆಂಟಿಮೆಂಟ್ ಸಿಕ್ತು ಅಂತಿದಾರೆ. ಹೀರೋ ತಾಯಿ ಪಾತ್ರ. ಬಂದ ಏಲಿಯನ್‌ಗೆ ತಂಬಿಗೇಲಿ ನೀರು ಕೊಡ್ತಾರೆ. ಮುಖ ಕಾಣುತ್ತೆ, ಫುಲ್ ಕ್ಲೋಸಪ್ಪು. ಅಮ್ಮಂಗೆ ಹೇಳಿ ಒಪ್ಪಿಸು.”

“ಮತ್ತ ನನಗ?”

“ನಿನಗಿಲ್ದೆ ಇರುತ್ತಾ,” ಎಂದು ಮಜೀದ್ ಹೆಗಲು ತಟ್ಟಿದ. “ನೀರು ಕುಡಿಯೋ ಏಲಿಯನ್ ನೀನೇ ಕಣೋ. ಕುಡಿದು ತಂಬಿಗೆ ಕೆಳಗಿಡ್ತಿದ್ದ ಹಾಗೆ ಹೀರೋ ಬಂದು ಕಡೀತಾನೆ. ಮಾಸ್ಕ್ ತೊಳ್ದಿಟ್ಟಿದೀವಿ.”